‘ಹಂತಕರು’ ಚಿತ್ರದ ಆರಂಭ: ಒಂದು ವಿದ್ಯಾರ್ಥಿಕೃತಿಯ ಸಂಕಲನವನ್ನು ಕುರಿತು

ಇತಿಹಾಸದ ಅಧ್ಯಾಪಕನೊಬ್ಬನು ಚಲಚ್ಚಿತ್ರದ ಸಂಕಲನವನ್ನು ಕುರಿತು ಬರೆಯಹೊರಟರೆ, ಅವನು ತನ್ನ ಹೊಲದ ಬದುವನ್ನು ದಾಟಿ ಪರರ ಹೊಲಕ್ಕೆ ಕಾಲಿಟ್ಟನೆಂದು ಕೆಲವರಿಗೆ ಅನ್ನಿಸುವುದು ಸಹಜ. ಆಕ್ಷೇಪಣೆ ನ್ಯಾಯವಾದುದೇ. ಆದರೆ ಪ್ರಕೃತ ಲೇಖನಕ್ಕೆ ಕಾರಣವಾದ ಸಂಗತಿಯನ್ನು ಮೊದಲು ನಿವೇದಿಸಿಕೊಂಡರೆ ವಾಚಕರು ಈ ಅತಿಕ್ರಮವನ್ನು ಕ್ಷಮಿಸಬಹುದೆಂದು ನಂಬಿದ್ದೇನೆ.

ಕಳೆದ ವರ್ಷ ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಟ್ಟಿದ್ದ ಕಿರುಚಿತ್ರ ಸ್ಪರ್ಧೆಯೊಂದಕ್ಕೆ ಮೂವರು ತೀರ್ಪುಗಾರರಲ್ಲಿ ಒಬ್ಬನಾಗಿ ನನ್ನನ್ನು ಕರೆದಿದ್ದರು. ಕನ್ನಡದ ಅಧ್ಯಾಪಕರೊಬ್ಬರು ಕಥೆಯನ್ನೂ, ಛಾಯಾಗ್ರಾಹಕರೊಬ್ಬರು ಚಿತ್ರಣವನ್ನೂ ಪರಿಶೀಲಿಸತಕ್ಕದ್ದೆಂದೂ, ಇವೆರಡರ ಪರಿಜ್ಞಾನವೂ ಇಲ್ಲದ ನಾನು ‘ಒಟ್ಟು ಪರಿಣಾಮ’ವನ್ನು ನೋಡತಕ್ಕದ್ದೆಂದೂ ಗೊತ್ತಾಗಿತ್ತು. ಸ್ಪರ್ಧೆಯ ವಿಷಯ ಐದು ನಿಮಿಷಕ್ಕೆ ಮೀರದ ಒಂದು ಥ್ರಿಲ್ಲರ್ ಚಿತ್ರದ ಆರಂಭ. ಕಥೆ ಮುಗಿಯಬೇಕಾಗಿಲ್ಲ, ಮೊದಲಾದರೆ ಸಾಕು. ಬಂದ ಚಿತ್ರಗಳಲ್ಲಿ ಒಂದರಲ್ಲಿ ಹುಡುಗಿಯೊಬ್ಬಳು ರಾತ್ರಿ ಹಾಸ್ಟೆಲ್ಲಿಗೆ ಹಿಂದಿರುಗುತ್ತಾಳೆ. ಯಾರೋ ಹಿಂಬಾಲಿಸುತ್ತಿರುವಂತೆ ಶಂಕೆ. ಕಾಲು, ಬೀದಿದೀಪ, ಬೀಗ, ಕಣ್ಣು, ಮತ್ತೆ ಕಾಲು, ಮತ್ತೆ ಕಣ್ಣು: ಚಿತ್ರಗಳು ಮಳೆಯ ಹನಿಗಳಂತೆ ಎರಚಿ ಹೋದುವು. ಒಂದನ್ನೂ ನೋಡಿ ಮುಗಿಸಲಾಗಲಿಲ್ಲ. ಹಿನ್ನೆಲೆಯ ವಾದ್ಯಘೋಷವಂತೂ ಹೇಳತೀರದು. ನಾವು ಮೂವರೂ ಸಂಕಲನಕ್ಕೆ ಕಡಮೆ ಅಂಕಗಳನ್ನು ಕೊಟ್ಟೆವು. ಫಲಿತಾಂಶ ಹೊರಬಿದ್ದ ಮೇಲೆ ಆ ಚಿತ್ರದ ಸಂಕಲನ ಮಾಡಿದ್ದ ವಿದ್ಯಾರ್ಥಿನಿ ನನ್ನ ಬಳಿಗೆ ಬಂದು, “ಸಾರ್, ನಾವು ಕತ್ತರಿಸಿದ್ದು ತಪ್ಪೋ, ಕತ್ತರಿಸದೆ ಇಟ್ಟಿದ್ದು ತಪ್ಪೋ, ಅದನ್ನಾದರೂ ಹೇಳಿ” ಎಂದು ಕೇಳಿದಳು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಅಪೇಕ್ಷೆಯಿತ್ತು. ನನಗೆ ಉತ್ತರ ತೋಚಲಿಲ್ಲ. ಅಂಕ ಕೊಟ್ಟವನು ಕಾರಣ ಹೇಳಲಾರದೆ ಹೋದದ್ದು ನನ್ನ ಮನಸ್ಸಿನಲ್ಲಿ ಬಹಳ ದಿನ ಕೊರೆಯುತ್ತಿತ್ತು.

ಅನುಭವಸ್ಥರ ಮಹಾಕೃತಿಗಳನ್ನು ಮುಂದಿಟ್ಟು ವಿದ್ಯಾರ್ಥಿಗಳನ್ನು ಅಳೆಯುವುದು ಅನ್ಯಾಯ. ವಿದ್ಯಾರ್ಥಿಗಳೇ ಮಾಡಿದ, ಆದರೆ ಕಾಲದ ಪರೀಕ್ಷೆಯಲ್ಲಿ ನಿಂತ, ಇಂತಹುದೇ ಜಾತಿಯ ಒಂದು ಚಿತ್ರವನ್ನು ತೆಗೆದುಕೊಂಡು ಅದರ ಆರಂಭ ಹೇಗೆ ಜೋಡಣೆಗೊಂಡಿದೆಯೆಂದು ನೋಡುವುದು ಮೇಲೆಂದು ತೋರಿತು. ಹಾಗೆ ದೊರೆತದ್ದು ಮಾಸ್ಕೋ ನಗರದ ರಾಜ್ಯ ಚಲಚ್ಚಿತ್ರ ಸಂಸ್ಥೆಯ ವಿದ್ಯಾರ್ಥಿಗಳು 1956ರಲ್ಲಿ ತಯಾರಿಸಿದ ‘ಹಂತಕರು’ ಎಂಬ ಸುಮಾರು ಇಪ್ಪತ್ತು ನಿಮಿಷಗಳ ಚಿತ್ರ. ಅರ್ನೆಸ್ಟ್ ಹೆಮಿಂಗ್ವೇ 1927ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಸಣ್ಣಕಥೆ ಇದರ ಮೂಲ. ನಿರ್ದೇಶಕರು ಮೂವರು: ಅಂದ್ರೇಯ್ ತಾರ್ಕೋವ್‌ಸ್ಕಿ, ಮರೀಕಾ ಬೆಯ್ಕು, ಅಲೆಕ್ಸಾಂದರ್ ಗೋರ್ದೊನ್. ಮೂವರೂ ಮಿಖಾಯಿಲ್ ರೋಮ್ ಎಂಬ ಹಿರಿಯ ನಿರ್ದೇಶಕನ ತರಗತಿಯ ಶಿಷ್ಯರು.

ಒಂದು ಚಿತ್ರಕ್ಕೆ ಮೂವರು ನಿರ್ದೇಶಕರೇಕೆ ಎಂದು ಕೇಳಬಹುದು. ಕಾರಣ ತೀರ ಲೌಕಿಕವಾದುದು. ಫಿಲಂ ಸುರುಳಿಗೂ ಉಪಕರಣಗಳಿಗೂ ಅಭಾವವಿದ್ದುದರಿಂದ ವಿದ್ಯಾರ್ಥಿಗಳು ಇಬ್ಬರು ಮೂವರು ಸೇರಿ ಒಂದು ಚಿತ್ರ ಮಾಡಬೇಕಾಗಿತ್ತು. ರಂಗಸಜ್ಜಿಗೆಗೆ ಬೇಕಾದ ಸಾಮಾನುಗಳನ್ನು ತಮ್ಮ ತಮ್ಮ ಮನೆಗಳಿಂದಲೂ ಬಂಧುಮಿತ್ರರಿಂದಲೂ ತಂದರು. ಗೋರ್ದೊನ್ ತಾನೇ ಉಪಾಹಾರಗೃಹದ ಜಾರ್ಜನ ಪಾತ್ರ ವಹಿಸಿದ. ಮುಂದೆ ಕಥೆಗಾರನಾಗಿಯೂ ನಿರ್ದೇಶಕನಾಗಿಯೂ ರಷ್ಯದಲ್ಲಿ ಮನೆಮಾತಾದ ವಾಸಿಲಿ ಶುಕ್‌ಷಿನ್ ಆಗ ಅದೇ ಸಂಸ್ಥೆಯ ವಿದ್ಯಾರ್ಥಿ. ಕೊಲೆಗೆ ಗುರಿಯಾದ ಮುಷ್ಟಿಮಲ್ಲ ಓಲೆ ಆಂದ್ರೆಸನ್ನನ ಪಾತ್ರ ಅವನದು.

ಅಭಾವದ ಮಾತು ಬಂದಿತಾಗಿ ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ. ಈ ಸಂಸ್ಥೆ ಸ್ಥಾಪನೆಯಾದದ್ದು 1919ರಲ್ಲಿ, ಅಂತರ್ಯುದ್ಧದ ನಡುವೆ. ಜಗತ್ತಿನಲ್ಲಿ ಚಲಚ್ಚಿತ್ರ ವಿದ್ಯೆಗಾಗಿ ಒಂದು ಸರಕಾರ ತೆರೆದ ಮೊದಲ ಶಾಲೆ ಅದು. ಅಲ್ಲಿ ಪಾಠ ಹೇಳಿದ ಲೆವ್ ಕುಲೆಶೋವ್ ಆಗಿನ್ನೂ ಇಪ್ಪತ್ತರ ತರುಣ. ಚಿತ್ರಿಸಲು ಫಿಲಂ ಇಲ್ಲದುದರಿಂದ ಅವನ ಶಿಷ್ಯರು ‘ಫಿಲಂ ಇಲ್ಲದ ಫಿಲಂ’ಗಳನ್ನು ಅಭಿನಯಿಸಿದರು: ಪ್ರತಿಯೊಂದು ತುಣುಕನ್ನೂ ಇಲ್ಲಿ ಮೊದಲು, ಇಲ್ಲಿ ಕೊನೆ ಎಂದು ಮುಂಚಿತವಾಗಿ ಗೊತ್ತುಮಾಡಿಕೊಂಡು ವೇದಿಕೆಯ ಮೇಲೆ ಆಡಿ ತೋರಿಸುವ ಅಭ್ಯಾಸ. ಬೇರೆಯವರ ಚಿತ್ರಗಳನ್ನು ಬಿಚ್ಚಿ ನೋಡಿ ಕಲಿಯುವುದು ಆ ಕಾಲದ ಇನ್ನೊಂದು ಪಾಠಕ್ರಮ. ಇದರ ಅತ್ಯಂತ ಸ್ವಾರಸ್ಯವಾದ ನಿದರ್ಶನ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಜರ್ಮನಿಯ ಫ್ರಿಟ್ಸ್ ಲಾಂಗ್ 1922ರಲ್ಲಿ ತೆಗೆದ ‘ಡಾಕ್ಟರ್ ಮಬೂಸೆ’ ಎಂಬ ಎರಡು ಭಾಗಗಳ ಅಪರಾಧಚಿತ್ರವನ್ನು ಸೋವಿಯತ್ ಪ್ರೇಕ್ಷಕರಿಗಾಗಿ ಮೊಟಕುಮಾಡಿ ಮತ್ತೆ ಜೋಡಿಸುವ ಕೆಲಸ 1924ರಲ್ಲಿ ಎಸ್ಫಿರ್ ಶೂಬ್ ಎಂಬ ಸಂಕಲನಕಾರ್ತಿಯ ಪಾಲಿಗೆ ಬಂದಿತು. ಆಕೆಯ ಮೇಜಿನ ಪಕ್ಕದಲ್ಲಿ ಕುಳಿತು ಕೈನೆರವಾಗುತ್ತ ಕಲಿತವನು ಸೆರ್ಗೆಯ್ ಐಸೆನ್‌ಸ್ಟೈನ್. ಮರುವರ್ಷ ಅವನ ಮೊದಲ ದೊಡ್ಡ ಚಿತ್ರ ‘ಮುಷ್ಕರ’ ತೆರೆಗೆ ಬಂದಿತು.

‘ಮಬೂಸೆ’ಯ ಆರಂಭವನ್ನು ನೋಡಿದವರು ಮರೆಯಲಾರರು. ಚಲಿಸುತ್ತಿರುವ ರೈಲಿನಲ್ಲಿ ದಾಖಲೆಯ ಚೀಲವೊಂದು ಕಳವಾಗುತ್ತದೆ. ಅದೇ ಗಳಿಗೆಗೆ ಸರಿಯಾಗಿ ಸೇತುವೆಯ ಕೆಳಗೆ ಮೋಟಾರು ಗಾಡಿಯೊಂದು ಬಂದು ಎಸೆದ ಚೀಲವನ್ನು ಹಿಡಿದುಕೊಳ್ಳುತ್ತದೆ. ಮೂರನೆಯ ಕಡೆ ಮಬೂಸೆ ಗಡಿಯಾರವನ್ನು ನೋಡುತ್ತ ಕುಳಿತಿದ್ದಾನೆ. ಮೂರು ಸ್ಥಳಗಳು, ಒಂದೇ ಗಡಿಯಾರ. ಒಂದು ಷಾಟಿನಿಂದ ಇನ್ನೊಂದಕ್ಕೆ ಹಾರುವುದರಲ್ಲೇ ಭಯ ಹುಟ್ಟುತ್ತದೆ. ಥ್ರಿಲ್ಲರ್ ಎಂದರೆ ವೇಗದ ಕತ್ತರಿ ಎಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿರುವುದಕ್ಕೆ ಇಂತಹ ಆರಂಭಗಳ ದೀರ್ಘ ಪರಂಪರೆಯೇ ಕಾರಣ. ಆದರೆ ಅವರು ಮರೆಯುವುದೇನೆಂದರೆ, ಲಾಂಗನಲ್ಲಿ ಪ್ರತಿಯೊಂದು ಕತ್ತರಿಯೂ ನಮಗೆ ಒಂದು ಹೊಸ ಸಂಗತಿಯನ್ನು ತಿಳಿಸುತ್ತದೆ. ಹಾಸ್ಟೆಲ್ಲಿನ ಚಿತ್ರದಲ್ಲಿ ಕಾಲಿನಿಂದ ಕಣ್ಣಿಗೆ ಹಾರಿದಾಗ ನಮಗೆ ತಿಳಿದದ್ದು ಏನೂ ಇಲ್ಲ.

ಕುಲೆಶೋವನ ಹೆಸರಿನೊಡನೆ ಸೇರಿಹೋಗಿರುವ ಪ್ರಯೋಗವೊಂದುಂಟು. ಮೊಸ್ಝೂಖಿನ್ ಎಂಬ ನಟನ ಭಾವರಹಿತವಾದ ಮುಖದ ಒಂದೇ ತುಣುಕನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ಒಮ್ಮೆ ಸೂಪಿನ ಬಟ್ಟಲನ್ನೂ ಇನ್ನೊಮ್ಮೆ ಶವಪೆಟ್ಟಿಗೆಯನ್ನೂ ಇಟ್ಟಾಗ, ಅದೇ ಮುಖ ಒಮ್ಮೆ ಹಸಿದಂತೆಯೂ ಒಮ್ಮೆ ದುಃಖಿಸಿದಂತೆಯೂ ಪ್ರೇಕ್ಷಕರಿಗೆ ಕಂಡಿತಂತೆ. ಮೂಲಫಿಲಂ ಉಳಿದಿಲ್ಲ, ಪಕ್ಕದಲ್ಲಿಟ್ಟದ್ದು ಏನೇನು ಎಂಬುದರಲ್ಲಿ ಕುಲೆಶೋವನ ಮಾತಿಗೂ ಪುದೋವ್‌ಕಿನ್ನನ ಮಾತಿಗೂ ಹೊಂದಿಕೆಯಿಲ್ಲ. ಶಾಸನ ಕಳೆದುಹೋಗಿ ನಕಲುಗಳು ಮಾತ್ರ ಉಳಿದ ಸ್ಥಿತಿ ಎಂದು ನಮ್ಮವರು ಹೇಳುವರು. ಅದೇನೇ ಇರಲಿ, ಆ ಶಾಲೆಯ ಮೂಲತತ್ತ್ವ ಸ್ಪಷ್ಟ: ಒಂದು ಚಿತ್ರದ ಅರ್ಥ ಅದರ ನೆರೆಯ ಚಿತ್ರದಲ್ಲಿದೆ. 1956ರ ಮೂವರು ವಿದ್ಯಾರ್ಥಿಗಳು ಓದಿದ್ದು ಈ ತತ್ತ್ವವನ್ನು ಉಸಿರಾಡುತ್ತಿದ್ದ ಕಟ್ಟಡದಲ್ಲಿ. ಅವರು ಅದನ್ನು ಏನು ಮಾಡಿದರೆಂಬುದು ಈಗ ನೋಡತಕ್ಕ ವಿಷಯ.

ಹೆಮಿಂಗ್ವೇಯ ಕಥೆಯನ್ನು ಸಂಗ್ರಹವಾಗಿ ಹೇಳಿದರೆ ಹೀಗೆ. ಸಣ್ಣ ಊರೊಂದರ ಉಪಾಹಾರಗೃಹಕ್ಕೆ ಸಂಜೆ ಇಬ್ಬರು ಅಪರಿಚಿತರು ಬರುತ್ತಾರೆ. ಕೈಗವಸುಗಳನ್ನು ಕಳಚದೆಯೇ ತಿನ್ನುತ್ತಾರೆ. ಅನಂತರ ಒಬ್ಬನು ಅಡುಗೆಯವನನ್ನೂ ನಿಕ್ ಆಡಮ್ಸ್ ಎಂಬ ಹುಡುಗನನ್ನೂ ಅಡುಗೆಮನೆಯಲ್ಲಿ ಕಟ್ಟಿಹಾಕಿ ಬಂದೂಕಿನೊಡನೆ ಕಾಯುತ್ತಾನೆ. ಇನ್ನೊಬ್ಬನು ಹೊರಗೆ ಜಾರ್ಜನನ್ನು ಕಾಯುತ್ತಾನೆ. ದಿನವೂ ಆರು ಗಂಟೆಗೆ ಊಟಕ್ಕೆ ಬರುವ ಆಂದ್ರೆಸನ್ನನನ್ನು ಕೊಲ್ಲುವುದು ಅವರ ಉದ್ದೇಶ. ಅವನು ಬರುವುದಿಲ್ಲ. ಹಂತಕರು ಹೊರಟುಹೋಗುತ್ತಾರೆ. ನಿಕ್ ಓಡಿಹೋಗಿ ಎಚ್ಚರಿಸಿದರೆ ಆಂದ್ರೆಸನ್ ಹಾಸಿಗೆಯ ಮೇಲೆ ಮಲಗಿದ್ದವನು ಗೋಡೆಯತ್ತ ಹೊರಳಿಕೊಳ್ಳುತ್ತಾನೆಯೇ ಹೊರತು ಏಳುವುದಿಲ್ಲ. ಅಷ್ಟೇ. ಕೊಲೆ ನಡೆಯುವುದನ್ನು ಕಥೆ ತೋರಿಸುವುದಿಲ್ಲ.

ಸಂಕಲನಕಾರನ ಕಣ್ಣಿನಿಂದ ನೋಡಿದರೆ ಈ ಕಥೆಯ ಕಠಿಣವಾದ ಭಾಗ ಆ ಕಾಯುವಿಕೆ. ಲೇಖಕನು ಗೋಡೆಗಡಿಯಾರದ ಸಹಾಯದಿಂದ ಅದನ್ನು ಸಾಧಿಸಿದ್ದಾನೆ. ಆರೂಕಾಲು, ಆರು ಇಪ್ಪತ್ತು ಎಂದು ನಿಧಾನವಾಗಿ ಹೆಜ್ಜೆಯಿಟ್ಟು, ಅಲ್ಲಿಂದ ಒಂದೇ ಹಾರಿಗೆ ಆರು ಐವತ್ತೈದಕ್ಕೆ ಬಂದುಬಿಡುತ್ತಾನೆ. ನಡುವೆ ಇಬ್ಬರು ಗಿರಾಕಿಗಳು ಬಂದುಹೋದರೆಂದು ಆಮೇಲೆ ಹೇಳುತ್ತಾನೆ. (ಆ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆಯೆಂದು ಕಥೆಯ ಮೊದಲಲ್ಲೇ ತಿಳಿಸಿಬಿಟ್ಟಿರುವುದು ಕುಚೇಷ್ಟೆಯೆಂದೇ ಹೇಳಬೇಕು. ಕಾಲನಿರ್ಣಯದಲ್ಲಿ ತಲೆ ಕೆಡಿಸಿಕೊಂಡ ನನ್ನಂತಹವನು ಕಥೆಯ ಕೊನೆಯವರೆಗೂ ಇಪ್ಪತ್ತನ್ನು ಕಳೆಯುತ್ತಲೇ ಇರುತ್ತಾನೆ.) ಕಾಗದದ ಮೇಲೆ ಮೂವತ್ತೈದು ನಿಮಿಷಗಳನ್ನು ಒಂದು ವಾಕ್ಯದಲ್ಲಿ ಹಾರಬಹುದು. ತೆರೆಯ ಮೇಲೆ ಹಾರಿದರೆ ಕಾಯುವಿಕೆಯೇ ಇಲ್ಲವಾಗುತ್ತದೆ. ಹಾರದಿದ್ದರೆ ಇಡೀ ಚಿತ್ರದ ಅವಧಿಯೇ ಸಾಲದು. ಕಾಲವನ್ನು ಕುಗ್ಗಿಸಬೇಕು, ಆದರೆ ಹಿಗ್ಗಿದಂತೆ ಕಾಣಿಸಬೇಕು.

ವಿದ್ಯಾರ್ಥಿಗಳು ಕಂಡುಕೊಂಡ ಪರಿಹಾರ ಬಾಗಿಲು. ಮೊದಲ ದೃಶ್ಯ ಉಪಾಹಾರಗೃಹವನ್ನು ಬಿಟ್ಟು ಕದಲುವುದಿಲ್ಲ. ಕರಿಯ ಕೋಟು, ಕರಿಯ ಕೈಗವಸುಗಳ ಇಬ್ಬರು ಬಂದು ಕೌಂಟರಿನಲ್ಲಿ ಕುಳಿತ ಮೇಲೆ, ಬೀದಿಯಲ್ಲಿ ಏನು ನಡೆಯುತ್ತಿದೆ, ಆಂದ್ರೆಸನ್ ಎಲ್ಲಿದ್ದಾನೆ, ಹೊರಟನೋ ಇಲ್ಲವೋ ಎಂಬುದೊಂದೂ ನಮಗೆ ಗೊತ್ತಾಗುವುದಿಲ್ಲ. ‘ಮಬೂಸೆ’ಯ ಕ್ರಮವನ್ನು ಅನುಸರಿಸುವವನಾಗಿದ್ದರೆ ಇಲ್ಲಿ ಆಂದ್ರೆಸನ್ನನ ಕೋಣೆಗೊಮ್ಮೆ, ಬೀದಿಗೊಮ್ಮೆ, ಗಡಿಯಾರಕ್ಕೊಮ್ಮೆ ಹಾರುತ್ತಿದ್ದ. ಈ ವಿದ್ಯಾರ್ಥಿಗಳು ಹಾರುವುದಿಲ್ಲ. ಬಾಗಿಲು ತೆರೆಯುತ್ತದೆ, ಬಂದವನು ಯಾರೋ ಒಬ್ಬ ಗಿರಾಕಿ. ಅಡುಗೆಯವನು ಹೊರಗೆ ಹೋಗಿದ್ದಾನೆಂದು ಜಾರ್ಜ್ ಅವನನ್ನು ಸಾಗಹಾಕುತ್ತಾನೆ. ಮತ್ತೆ ಬಾಗಿಲು, ಮತ್ತೆ ಬೇರೊಬ್ಬ. ಪ್ರತಿ ಸಲವೂ ನಾವು ಆಂದ್ರೆಸನ್ ಬಂದನೆಂದು ಬೆದರಿ, ಬಂದವನು ಅವನಲ್ಲವೆಂದು ಉಸಿರು ಬಿಟ್ಟು, ಆ ಉಸಿರು ಪೂರ್ತಿಯಾಗುವುದರೊಳಗೆ ಇನ್ನೂ ಕಾಯಬೇಕಲ್ಲ ಎಂದು ಮತ್ತೆ ಹಿಡಿದುಕೊಳ್ಳುತ್ತೇವೆ. ಕತ್ತರಿ ಮಾಡಬೇಕಾಗಿದ್ದ ಕೆಲಸವನ್ನು ಕೀಲಿನ ಮೇಲೆ ತಿರುಗುವ ಒಂದು ಬಾಗಿಲು ಮಾಡುತ್ತದೆ.

ಕುಲೆಶೋವನ ಪಾಠಕ್ಕೆ ಇಲ್ಲಿ ಒದಗಿರುವ ಗತಿಯನ್ನು ಗಮನಿಸಬೇಕು. ಅವನಲ್ಲಿ ಮುಖವೊಂದು, ಪಕ್ಕದಲ್ಲಿ ಬಟ್ಟಲು. ಇಲ್ಲಿ ಕಾಯುವ ಮುಖಗಳುಂಟು. ಅವುಗಳಿಗೆ ಅರ್ಥ ಕೊಡಬೇಕಾದ ನೆರೆಯ ಚಿತ್ರ, ಎಂದರೆ ಒಳಗೆ ಬರುವ ಆಂದ್ರೆಸನ್, ಕೊನೆಯವರೆಗೂ ಬರುವುದೇ ಇಲ್ಲ. ಬಟ್ಟಲನ್ನು ಬಚ್ಚಿಟ್ಟ ಮೊಸ್ಝೂಖಿನ್ ಎನ್ನಬಹುದು. ಗುರುಪರಂಪರೆಯನ್ನು ಧಿಕ್ಕರಿಸಿದರೆಂದು ಹೇಳಲಾರೆ. ಮುಖದ ಅರ್ಥ ಪಕ್ಕದ ಚಿತ್ರದಲ್ಲಿದೆಯೆಂದು ಚೆನ್ನಾಗಿ ಬಲ್ಲವರೇ ಆ ಪಕ್ಕದ ಚಿತ್ರವನ್ನು ಕೊಡದೆ ಸತಾಯಿಸಬಲ್ಲರು. ಥ್ರಿಲ್ಲರಿನ ಆರಂಭದಲ್ಲಿ ಸಂಕಲನದ ಮೊದಲ ನಿರ್ಧಾರ ಯಾವುದನ್ನು ತೋರಿಸಬಾರದು ಎಂಬುದು. ಎಷ್ಟು ಸಲ ಕತ್ತರಿಸಬೇಕೆಂಬುದು ಆಮೇಲಿನ ಮಾತು. ಫಿಲಂ ಸುರುಳಿಯ ಅಭಾವದಲ್ಲಿ ಬೆಳೆದವರಿಗೆ ಈ ನಿರ್ಧಾರವನ್ನು ಚಿತ್ರಣಕ್ಕೆ ಮುಂಚೆಯೇ ಮಾಡದೆ ಗತ್ಯಂತರವಿರಲಿಲ್ಲ. ನಮ್ಮ ಹುಡುಗರ ಕೈಯಲ್ಲಿ ಮೊಬೈಲ್ ಫೋನು ಉಂಟು. ಗಂಟೆಗಟ್ಟಲೆ ತೆಗೆದರೂ ಖರ್ಚಿಲ್ಲ. ಆದುದರಿಂದ ನಿರ್ಧಾರವೆಲ್ಲ ಸಂಕಲನದ ಮೇಜಿನ ಮೇಲೆ ಬಂದು ಬೀಳುತ್ತದೆ. ತೆಗೆದದ್ದನ್ನೆಲ್ಲ ಎಲ್ಲಾದರೂ ಸೇರಿಸಬೇಕೆಂಬ ಲೋಭವೂ ಜೊತೆಗೆ ಬರುತ್ತದೆ. ಹಾಸ್ಟೆಲ್ಲಿನ ಚಿತ್ರದಲ್ಲಿ ಹಿಂಬಾಲಿಸುವವನ ಬೂಟುಗಳನ್ನು ನಾಲ್ಕು ಕೋನಗಳಿಂದ ತೋರಿಸಿದ್ದರು. ನಾಲ್ಕು ಕೋನಗಳಿಂದ ತೆಗೆದಿದ್ದರೆಂಬುದರ ಹೊರತು ಅದಕ್ಕೆ ಬೇರೆ ಕಾರಣವಿರಲಿಲ್ಲ.

ಇದೇ ಕಥೆಯಿಂದ ಹುಟ್ಟಿದ ಇನ್ನೆರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನಷ್ಟು ವಿಶದವಾದೀತು. ಅದೃಷ್ಟವಶಾತ್ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2003ರಲ್ಲಿ ಮೂರನ್ನೂ ಒಟ್ಟಿಗೆ ಪ್ರಕಟಿಸಿರುವುದರಿಂದ ತೌಲನಿಕ ಅಧ್ಯಯನ ಸುಲಭವಾಗಿದೆ. ಮೊದಲನೆಯದು ರಾಬರ್ಟ್ ಸಿಯೋಡ್‌ಮಾಕ್ 1946ರಲ್ಲಿ ಹಾಲಿವುಡ್ಡಿನಲ್ಲಿ ನಿರ್ದೇಶಿಸಿದ ಚಿತ್ರ. ಬರ್ಟ್ ಲ್ಯಾಂಕಾಸ್ಟರ್ ಮೊದಲ ಬಾರಿಗೆ ತೆರೆಗೆ ಬಂದದ್ದು ಇದರಲ್ಲಿಯೇ. ಇದರ ಸಂಕಲನಕ್ಕಾಗಿ ಆರ್ಥರ್ ಹಿಲ್ಟನ್ ಹೆಸರು ಆಸ್ಕರ್ ಪ್ರಶಸ್ತಿಗೆ ಸೂಚಿತವಾಗಿತ್ತು. ಚಿತ್ರ ಮೊದಲಾಗುವುದು ರಾತ್ರಿ ಓಡುತ್ತಿರುವ ಕಾರಿನ ಒಳಗಿನಿಂದ: ಮುಂದಿನ ಆಸನದಲ್ಲಿ ಎರಡು ಕರಿಯ ತಲೆಗಳು, ಅವುಗಳಾಚೆ ದೀಪದ ಬೆಳಕು ಬಿದ್ದ ರಸ್ತೆ. ಅನಂತರ ಹಂತಕರು ಬೀದಿಯನ್ನು ಹಾದು ಬಂದು ಉಪಾಹಾರಗೃಹವನ್ನು ಹೊಗುತ್ತಾರೆ. ಅಲ್ಲಿನ ಸಂಭಾಷಣೆ ಹೆಮಿಂಗ್ವೇಗೆ ಬಹುಮಟ್ಟಿಗೆ ನಿಷ್ಠವಾಗಿದೆ. ಆದರೆ ನಿಕ್ ಬಿಡುಗಡೆಯಾದೊಡನೆ ಬೇಲಿಗಳನ್ನು ಹಾರಿ ಓಡುತ್ತಾನೆ, ಎಚ್ಚರಿಸಿ ಹೋಗುತ್ತಾನೆ, ಬಳಿಕ ಹಂತಕರು ಮೆಟ್ಟಿಲೇರುತ್ತಾರೆ. ಹಾಸಿಗೆಯ ಮೇಲೆ ಎದ್ದು ಕುಳಿತು ಕಿವಿಗೊಟ್ಟವನ ಮುಖ, ಬಾಗಿಲು, ಮತ್ತೆ ಮುಖ, ಬಾಗಿಲು ತೆರೆದು ಗುಂಡಿನ ಮಿಂಚು, ಕೊನೆಗೆ ಮಂಚದ ಸರಳಿನಿಂದ ಜಾರುವ ಕೈ. ಇದು ಕುಶಲ ಸಂಕಲನ, ಸಂದೇಹವಿಲ್ಲ. ಇಲ್ಲಿ ಕುಲೆಶೋವನ ಬಟ್ಟಲು ಬಂದೇಬಿಡುತ್ತದೆ. ಬರಲೇಬೇಕು, ಏಕೆಂದರೆ ಅವನು ಸಾಯದಿದ್ದರೆ ಅವನೇಕೆ ಸತ್ತನೆಂದು ಹುಡುಕಹೊರಡುವ ಮುಂದಿನ ಒಂದೂವರೆ ಗಂಟೆಯ ಚಿತ್ರಕ್ಕೆ ಅವಕಾಶವೇ ಇಲ್ಲ. ಡಾನ್ ಸೀಗಲ್ 1964ರಲ್ಲಿ ತೆಗೆದ ಮೂರನೆಯ ಚಿತ್ರದಲ್ಲಿ ಉಪಾಹಾರಗೃಹವೇ ಮಾಯವಾಗಿದೆ. ಹಂತಕರು ಹಗಲು ಬೆಳಕಿನಲ್ಲಿ ಕುರುಡರ ಶಾಲೆಯೊಂದಕ್ಕೆ ನುಗ್ಗುತ್ತಾರೆ. ದೂರದರ್ಶನಕ್ಕಾಗಿ ತಯಾರಾದ ಈ ಚಿತ್ರ ತೀರ ಹಿಂಸಾತ್ಮಕವೆನಿಸಿ ಚಿತ್ರಮಂದಿರಗಳಿಗೆ ಹೋಯಿತು. ನನಗೆ ಇದರ ಆರಂಭ ಒರಟೆನಿಸುತ್ತದೆ. ಇದನ್ನೇ ಮೆಚ್ಚುವವರೂ ಇದ್ದಾರೆ.

ಸಿಯೋಡ್‌ಮಾಕನದು ಆರಂಭವಾಗಿದ್ದು ಮುಂದೆ ಏನೋ ಇದೆಯೆಂದು ಭರವಸೆ ಕೊಡುತ್ತದೆ. ವಿದ್ಯಾರ್ಥಿಗಳ ಚಿತ್ರದಲ್ಲಿ ಮುಂದೆ ಏನೂ ಇಲ್ಲ. ಹೀಗಿರುವಾಗ ಅದನ್ನು ‘ಆರಂಭ’ವೆಂದು ಕರೆಯಬಹುದೇ ಎಂದು ಕೇಳಿದರೆ, ಕಥೆಯ ಸ್ವರೂಪವೇ ಹಾಗಿದೆಯೆಂದು ಹೇಳಬೇಕು. ಹೆಮಿಂಗ್ವೇ ಬರೆದದ್ದು ಕೊನೆಯನ್ನು ಕಡಿದುಹಾಕಿದ ಒಂದು ಥ್ರಿಲ್ಲರಿನ ಮೊದಲ ಅಧ್ಯಾಯ. ಸಿಯೋಡ್‌ಮಾಕ್ ಅದಕ್ಕೆ ಬಾಲ ಜೋಡಿಸಿದ. ವಿದ್ಯಾರ್ಥಿಗಳು ಕಡಿದಲ್ಲಿಯೇ ಬಿಟ್ಟರು. ಐದು ನಿಮಿಷಗಳ ಆರಂಭವನ್ನು ಮಾತ್ರ ಮಾಡಬೇಕಾಗಿದ್ದ ನಮ್ಮ ಸ್ಪರ್ಧಾಳುಗಳಿಗೆ ಯಾವುದು ಹೆಚ್ಚು ಉಪಯುಕ್ತವಾದ ಮೇಲ್ಪಂಕ್ತಿಯೆಂಬುದನ್ನು ಹೇಳಬೇಕಾದುದಿಲ್ಲ.

ಇನ್ನು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೇಲೆ ಹೇಳಿದ ವಿದ್ಯಾರ್ಥಿನಿಯನ್ನೂ ಅವಳ ಸಂಗಡಿಗರನ್ನೂ ಕರೆದು ಈ ಚಿತ್ರವನ್ನು ತೋರಿಸಿದೆ. ಎರಡನೆಯ ದೃಶ್ಯ, ಎಂದರೆ ನಿಕ್ ಆಂದ್ರೆಸನ್ನನ ಕೋಣೆಗೆ ಹೋಗುವ ದೃಶ್ಯ ಬಂದಾಗ, ಹಾಸಿಗೆಯಲ್ಲಿ ಬಿದ್ದ ಭಾರವಾದ ದೇಹ, ಅವಸರವಿಲ್ಲದ ಮಾತು, ಕದಲಲೊಲ್ಲದ ಕಾಲ ಇವುಗಳನ್ನು ತೋರಿಸಿ ಉತ್ಸಾಹದಿಂದ ವ್ಯಾಖ್ಯಾನ ಮಾಡಿದೆ: “ನೋಡಿ, ‘ಕನ್ನಡಿ’, ‘ಸ್ಟಾಕರ್’ ಚಿತ್ರಗಳ ತಾರ್ಕೋವ್‌ಸ್ಕಿ ಇಲ್ಲಿಯೇ ಮೊಳಕೆಯಾಗಿದ್ದಾನೆ.” ತರಗತಿ ಮೆಚ್ಚಿಕೊಂಡಿತು. ಮರುದಿನ ವಿದ್ಯಾರ್ಥಿಯೊಬ್ಬನು ವಿನಯದಿಂದ ತಿಳಿಸಿದನು: ಮೊದಲನೆಯ ಮತ್ತು ಮೂರನೆಯ ದೃಶ್ಯಗಳನ್ನು ನಿರ್ದೇಶಿಸಿದವರು ಬೆಯ್ಕು ಮತ್ತು ತಾರ್ಕೋವ್‌ಸ್ಕಿ, ಎರಡನೆಯದು ಗೋರ್ದೊನ್ನನದು. ನಾನು ತಾರ್ಕೋವ್‌ಸ್ಕಿಯ ಮೊಳಕೆಯೆಂದು ತೋರಿಸಿದ್ದು ಬೇರೊಬ್ಬರ ಹೊಲದ ಪೈರು.

ಇದು ಕೇವಲ ಹೆಸರಿನ ತಪ್ಪಾಗಿದ್ದರೆ ಇಲ್ಲಿ ಪ್ರಸ್ತಾಪಿಸುತ್ತಿರಲಿಲ್ಲ. ಆಗಿಹೋದದ್ದನ್ನು ಮುಂದೆ ಆದದ್ದರ ಬೆಳಕಿನಲ್ಲಿ ಓದಬಾರದೆಂದು ಪ್ರತಿವರ್ಷ ಮೊದಲ ತರಗತಿಯಲ್ಲಿ ಬೋಧಿಸುವವನು ನಾನು. ಮುಂದೆ ಸಾಮ್ರಾಜ್ಯ ಕಟ್ಟಿದವನ ಬಾಲ್ಯದಲ್ಲಿ ರಾಜಲಕ್ಷಣಗಳನ್ನು ಕಾಣುವ ಚರಿತ್ರೆಕಾರರನ್ನು ನೋಡಿ ನಗುವವನೂ ನಾನೇ. 1962ರಲ್ಲಿ ವೆನಿಸ್ಸಿನಲ್ಲಿ ‘ಇವಾನನ ಬಾಲ್ಯ’ಕ್ಕೆ ಸುವರ್ಣಸಿಂಹ ದೊರೆಯದೆ ಹೋಗಿದ್ದರೆ ಈ ಚಿತ್ರದಲ್ಲಿ ಯಾರೂ ಯಾವ ಮೊಳಕೆಯನ್ನೂ ಹುಡುಕುತ್ತಿರಲಿಲ್ಲ. 1956ರಲ್ಲಿ ಆ ಮೂವರೂ ಸಮಾನರು. ಮೊದಲ ದೃಶ್ಯದಲ್ಲಿ ಬಾಗಿಲಿನ ಯುಕ್ತಿ ಯಾರದು, ಬೆಯ್ಕುವಿನದೋ ತಾರ್ಕೋವ್‌ಸ್ಕಿಯದೋ ಎಂದು ಚಿತ್ರವನ್ನು ಎಷ್ಟು ಸಲ ನೋಡಿದರೂ ಬೇರ್ಪಡಿಸಲಾಗದು. ಹಾಗಿದ್ದರೂ ಇದನ್ನು ‘ತಾರ್ಕೋವ್‌ಸ್ಕಿಯ ಮೊದಲ ಚಿತ್ರ’ವೆಂದೇ ಎಲ್ಲ ಕಡೆ ಕರೆಯುತ್ತಾರೆ, ಬೆಯ್ಕುವಿನ ಹೆಸರು ಕಂಸದೊಳಕ್ಕೆ ಸೇರಿಬಿಟ್ಟಿದೆ.

ಅಲ್ಲದೆ, ತಾರ್ಕೋವ್‌ಸ್ಕಿ ಮುಂದೆ ಸಂಕಲನವನ್ನು ಕುರಿತು ಪ್ರತಿಪಾದಿಸಿದ ವಿಚಾರಗಳನ್ನು ಇಲ್ಲಿಗೆ ಎಳೆದು ತರುವುದೂ ಅದೇ ಬಗೆಯ ದೋಷ. ಚಿತ್ರದ ಲಯ ತುಣುಕುಗಳ ಜೋಡಣೆಯಿಂದ ಹುಟ್ಟುವುದಿಲ್ಲ, ಪ್ರತಿಯೊಂದು ತುಣುಕಿನೊಳಗೆ ಹರಿಯುವ ಕಾಲದ ಒತ್ತಡದಿಂದ ಹುಟ್ಟುತ್ತದೆಯೆಂದು ಅವನು ಐಸೆನ್‌ಸ್ಟೈನ್ನನಿಗೆ ವಿರೋಧವಾಗಿ ವಾದಿಸಿದ್ದು ಪ್ರಸಿದ್ಧವಾಗಿದೆ. ಆದರೆ 1975ರ ‘ಕನ್ನಡಿ’ ಚಿತ್ರವನ್ನು ಲುದ್ಮಿಲಾ ಫೆಯ್ಗಿನೋವಾ ಎಂಬ ಸಂಕಲನಕಾರ್ತಿಯೊಡನೆ ಅವನು ಇಪ್ಪತ್ತಕ್ಕೂ ಹೆಚ್ಚು ಬಗೆಯಾಗಿ ಜೋಡಿಸಿ ಜೋಡಿಸಿ ಬಿಚ್ಚಬೇಕಾಯಿತು. ಸುಮಾರು ಇನ್ನೂರು ಷಾಟುಗಳ ಚಿತ್ರ ಕೊನೆಯ ಗಳಿಗೆಯವರೆಗೂ ನಿಲ್ಲಲೊಲ್ಲದೆ ಹೋಗಿತ್ತು. ಜೋಡಣೆಗೆ ಎರಡನೆಯ ಸ್ಥಾನ ಕೊಟ್ಟವನೂ ಮೇಜಿನ ಮುಂದೆ ಇಷ್ಟು ಹೆಣಗಿದನೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವುದು ಒಳ್ಳೆಯದು.

1956ರ ಚಿತ್ರವನ್ನು 1956ರ ದಾಖಲೆಯಾಗಿಯೇ ಓದಿದರೆ ಏನು ಸಿಗುತ್ತದೆ? ಒಂದು ಸಿಳ್ಳೆ ಸಿಗುತ್ತದೆ. ಕಾಯುವಿಕೆಯ ನಡುವೆ ಬರುವ ಗಿರಾಕಿಗಳಲ್ಲಿ ಒಬ್ಬನ ಪಾತ್ರವನ್ನು ತಾರ್ಕೋವ್‌ಸ್ಕಿಯೇ ವಹಿಸಿದ್ದಾನೆ. ಅವನು ಸಿಳ್ಳೆಯಲ್ಲಿ ನುಡಿಸುವುದು ‘ಲಲಬೈ ಆಫ್ ಬರ್ಡ್‌ಲ್ಯಾಂಡ್’ ಎಂಬ ಜಾಝ್ ಧಾಟಿ. ಅದನ್ನು ಜಾರ್ಜ್ ಷಿಯರಿಂಗ್ ರಚಿಸಿದ್ದು 1952ರಲ್ಲಿ. ಕಥೆ ಪ್ರಕಟವಾದದ್ದು ಅದಕ್ಕೆ ಇಪ್ಪತ್ತೈದು ವರ್ಷ ಮೊದಲು. ಕಾಲವಿರೋಧವೆಂದು ಕೆಂಪು ಮಸಿಯಲ್ಲಿ ಗುರುತು ಹಾಕಲು ನನ್ನ ಕೈ ತುರಿಸಿತು. ಆದರೆ ಈ ದೋಷವೇ ದಾಖಲೆ. ಅಮೆರಿಕದ ರೇಡಿಯೋ ಸಮುದ್ರದಾಚೆಗೆ ಪ್ರತಿರಾತ್ರಿ ಜಾಝ್ ಸಂಗೀತ ಬಿತ್ತರಿಸತೊಡಗಿದ್ದು 1955ರಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ ಖ್ರುಶ್ಚೋವ್ ಸ್ಟಾಲಿನ್ನನನ್ನು ಖಂಡಿಸಿ ರಹಸ್ಯ ಭಾಷಣ ಮಾಡಿದ. ಅದೇ ವರ್ಷದ ಶರತ್ಕಾಲದಲ್ಲಿ ಮಾಸ್ಕೋವಿನ ವಿದ್ಯಾರ್ಥಿಗಳು ಅಮೆರಿಕದ ಕಥೆಯೊಂದನ್ನು ಆರಿಸಿಕೊಂಡು, ಎಂದೂ ಕಾಣದ ಅಮೆರಿಕದ ಉಪಾಹಾರಗೃಹವನ್ನು ಮನೆಯ ಸಾಮಾನುಗಳಿಂದ ಕಟ್ಟಿದರು. ಕೊಲ್ಲಲು ಬಂದವರು, ಕಾಯುತ್ತ ಕುಳಿತವರು, ಓಡಿಹೋಗಲೊಲ್ಲದವನು: ಇಂತಹ ಕಥೆ ಆ ವರ್ಷದ ಮಾಸ್ಕೋವಿನಲ್ಲಿ ಕೇವಲ ಅಮೆರಿಕದ ಕಥೆಯಾಗಿ ಕೇಳಿಸಿತ್ತೆಂದು ನಂಬುವುದು ಕಷ್ಟ. ಇವರ ಗುರು ರೋಮ್ 1937ರಲ್ಲಿ ತೆಗೆದಿದ್ದ ‘ಅಕ್ಟೋಬರಿನಲ್ಲಿ ಲೆನಿನ್’ ಚಿತ್ರದಿಂದ 1956ರ ಬಳಿಕ ಸ್ಟಾಲಿನ್ನನ ದೃಶ್ಯಗಳನ್ನು ಕತ್ತರಿಸಿ ತೆಗೆಯಲಾಯಿತೆಂಬುದೂ ಸಂಕಲನದ ಚರಿತ್ರೆಗೆ ಸೇರತಕ್ಕ ಸಂಗತಿಯೇ. ಏನನ್ನು ತೋರಿಸಬಾರದು ಎಂಬ ಪ್ರಶ್ನೆ ಅಲ್ಲಿ ಕಲೆಯ ಪ್ರಶ್ನೆ ಮಾತ್ರವಾಗಿರಲಿಲ್ಲ.

ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಹಂತಕರ ಪಾತ್ರ ವಹಿಸಿದವರು ಇಪ್ಪತ್ತರ ಆಚೀಚೆಯ ಹುಡುಗರು. ಅವರ ಕ್ರೌರ್ಯ ಬೇರೆ ಚಿತ್ರಗಳನ್ನು ನೋಡಿ ಕಲಿತದ್ದೆಂದು ಕೂಡಲೆ ಗೊತ್ತಾಗುತ್ತದೆ. ಮೂರನೆಯ ದೃಶ್ಯದಲ್ಲಿ ನಿಕ್ ಮರಳಿ ಬಂದು ಸುದ್ದಿ ಹೇಳುವಾಗ ಮೊದಲ ದೃಶ್ಯದ ಬಿಗಿ ಇಲ್ಲ. ಬಾಗಿಲು ಅದೇ, ಕೌಂಟರು ಅದೇ, ಆದರೆ ಈಗ ಆ ಬಾಗಿಲಿನಿಂದ ಯಾರು ಬಂದರೂ ನಮಗೆ ಭಯವಿಲ್ಲ. ಇದನ್ನು ಬೇಕೆಂದೇ ಹಾಗೆ ಮಾಡಿದರೆಂದು ಸಮರ್ಥಿಸುವವರಿದ್ದರೆ ಅವರೊಡನೆ ವಾದಿಸುವುದಿಲ್ಲ. ನನಗೆ ಮಾತ್ರ ಅಲ್ಲಿ ಶಕ್ತಿ ಉಡುಗಿದಂತೆ ತೋರುತ್ತದೆ.

ಹಾಸ್ಟೆಲ್ಲಿನ ಚಿತ್ರವನ್ನು ಆ ವಿದ್ಯಾರ್ಥಿಗಳು ಈ ವರ್ಷ ಮತ್ತೆ ಜೋಡಿಸಿ ತಂದಿದ್ದರು. ಹೊಸದಾಗಿ ಏನನ್ನೂ ಚಿತ್ರಿಸಿರಲಿಲ್ಲ. ಬೂಟುಗಳು ಒಂದೂ ಇರಲಿಲ್ಲ, ಹಿಂಬಾಲಿಸುವವನೇ ಇರಲಿಲ್ಲ. ಹುಡುಗಿ ಹಾಸ್ಟೆಲ್ಲಿನ ಕಬ್ಬಿಣದ ಗೇಟನ್ನು ದಾಟಿ ಒಳಗೆ ಬರುತ್ತಾಳೆ, ಚಿಲಕ ಹಾಕುತ್ತಾಳೆ, ಚಿತ್ರದಿಂದಾಚೆಗೆ ಹೋಗುತ್ತಾಳೆ. ಚಿಲಕ ಹಾಕಿದ ಗೇಟು ತೆರೆಯ ಮೇಲೆ ಹಾಗೆಯೇ ನಿಲ್ಲುತ್ತದೆ. ಮೊದಲ ಆವೃತ್ತಿಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರದಿದ್ದ ತುಣುಕದು. ವಾದ್ಯಘೋಷವನ್ನು ತೆಗೆದುಹಾಕಿದ್ದರಿಂದ ಎಲ್ಲೋ ದೂರದಲ್ಲಿ ಬಸ್ಸು ತಿರುಗುವ ಸದ್ದು ಕೇಳುತ್ತದೆ. ನಾವು ಐದಾರು ಮಂದಿ ಉಸಿರು ಹಿಡಿದು ಆ ಗೇಟನ್ನೇ ನೋಡುತ್ತ ಕುಳಿತೆವು. ಬೀಗದ ಷಾಟು ಇನ್ನೂ ಉದ್ದವಾಗಿದೆಯೆಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ.